ಹೊರಗಿನ ಚಿಲಕ

"ಏನಾದ್ರೂ ಸಿಕ್ತೇನಮ್ಮಾ ಅಲ್ಲಿ?"

ಕ್ಲೆಮ್ ರೋರ್ಲಾಕ್‌ನ ಧ್ವನಿ ತಲೆಯ ಮೇಲಿಂದ ಬಂತು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕ್ಯಾಬಿನ್ನಿನ ನೆಲದ ಮುಚ್ಚಳ ತೆಗೆದು, ಭುಜದವರೆಗೆ ದೋಣಿಯ ಹೊಟ್ಟೆಯೊಳಗೆ ಇಳಿದಿದ್ದಳು ವರ್ನಾ ಪಾಸ್ಕೋ.

ಎಡಗಡೆಯ ಹಾಸಿಗೆಯ ಕೆಳಗೆ ಅಂಗೈ ಅಗಲದ ಒಂದು ತೇಪೆಯಿತ್ತು. ಫೈಬರ್ ಬಟ್ಟೆಯನ್ನು ಮೂರು ಪದರ ಹಾಕಿ, ಅಂಚು ಎಲ್ಲೂ ಏಳದಂತೆ ತೀಡಿದ ತೇಪೆ. ಕೊನೆಯ ಪದರದಡಿಯಲ್ಲಿ ಪೆನ್ಸಿಲಿನ ಎರಡು ಅಕ್ಷರ: ವಿ.ಪಿ. ಅದರ ಕೆಳಗೊಂದು ತಾರೀಖು.

ಮೂವತ್ತು ವರ್ಷ ದೋಣಿ ರಿಪೇರಿ ಮಾಡಿದವಳಿಗೆ ತನ್ನ ಕೈಬರಹ ಗುರುತು ಸಿಗದೆ ಇರುತ್ತದೆಯೆ?

ಎರಡು ಚಳಿಗಾಲದ ಹಿಂದೆ ತಮ್ಮ ಡೆನ್ಜಿಲ್ ದೋಣಿಯನ್ನು ಬಂಡೆಗೆ ತಾಗಿಸಿಕೊಂಡು ಬಂದಾಗ ಅವಳೇ ಕೂತು ಹಾಕಿದ ತೇಪೆ ಅದು. ಆ ಡೆನ್ಜಿಲ್ ಕಳೆದ ಚಳಿಗಾಲ, ಜುಲೈಯಲ್ಲಿ, ಕೊಲ್ಲಿಗೆ ಹೋದವನು ಮರಳಲಿಲ್ಲ. ಅವನೂ ಅವನ ದೋಣಿ 'ಹಿಲ್ಡಾ ಮೇ'ಯೂ ನೀರಿನ ತಳ ಸೇರಿದರೆಂದು ಪೊಲೀಸರು ಬರೆದು ಕಡತ ಕಟ್ಟಿಟ್ಟಿದ್ದರು.

ಆ ದೋಣಿ ಈಗ ಒಣನೆಲದ ಮೇಲೆ, ಟ್ರೇಲರಿನಲ್ಲಿ, ಬಿಳಿ-ನೀಲಿ ಹೊಸ ಬಣ್ಣದಲ್ಲಿ ಹೊಳೆಯುತ್ತ ಕ್ಲೆಮ್‌ನ ಶೆಡ್ಡಿನ ಬಳಿ ಮಾರಾಟಕ್ಕೆ ನಿಂತಿತ್ತು.

"ವರ್ನಾ? ಸತ್ತುಗಿತ್ತು ಹೋದ್ಯಾ ಒಳಗೆ?"

ಅವಳು ಮೆಲ್ಲನೆ ಮೈಯನ್ನು ಹಿಂದಕ್ಕೆಳೆದುಕೊಂಡಳು. ಟಾರ್ಚನ್ನು ಬಾಯಿಂದ ತೆಗೆದಳು. ಕ್ಲೆಮ್‌ನ ಎರಡು ದೊಡ್ಡ ಬೂಟುಗಳು ಬಾಗಿಲಿಗೆ ಅಡ್ಡಲಾಗಿ ನಿಂತಿದ್ದವು.

"ಧೂಳು," ಎಂದಳು. "ಧೂಳು, ಒಂದು ಸತ್ತ ಏಡಿ."

"ಅಷ್ಟೇನಾ?"

"ಅಷ್ಟೇ."

ಅವನು ಒಂದು ಕ್ಷಣ ಹೆಚ್ಚೇ ನೋಡಿದ. ಅರವತ್ತು ದಾಟಿದವನು. ಬಿಸಿಲಿಗೆ ಸುಟ್ಟ ಕುತ್ತಿಗೆ, ಗೋಧಿ ಮೂಟೆಯಂಥ ಭುಜ. ಪಕ್ಕದ ವಿಕ್ಟೋರಿಯಾ ರಾಜ್ಯದ ಕೆರೆಯೊಂದರಲ್ಲಿ ಓಡಾಡಿಕೊಂಡಿದ್ದ ದೋಣಿ, ನಾಲ್ಕೇ ವರ್ಷದ್ದು, ಒಂದು ಗೀರೂ ಬಿದ್ದದ್ದಲ್ಲ ಎಂದು ಬೆಳಿಗ್ಗೆ ಹೇಳಿದ್ದವನು ಇವನೇ. ವರ್ನಾ ನಂಬಿದ್ದಳು. ಇಂಥ ಆರು ಮೀಟರಿನ ದೋಣಿಗಳು ಈ ಕರಾವಳಿಯಲ್ಲಿ ನೂರಿವೆ. ಬಣ್ಣ, ಎಂಜಿನ್, ಮೇಲಿನ ಚಪ್ಪರ ಬದಲಾಯಿಸಿದರೆ ಹೆತ್ತ ತಾಯಿಗೂ ಗುರುತು ಸಿಗದು.

ಅವನು ದಾರಿ ಬಿಟ್ಟು ಕೆಳಗಿಳಿದ. ವರ್ನಾ ಏಳಲು ಬಾಗಿಲಿನ ಮೇಲೆ ಕೈಯೂರಿದಳು. ಹೆಬ್ಬೆರಳಿಗೆ ಏನೋ ತಗುಲಿತು.

ಬಾಗಿಲಿನ ಒಳಮೈಯಲ್ಲಿ ಹೊಸ ಬಣ್ಣದಡಿ ಗೆರೆಗಳಿದ್ದವು. ಆಳವಾದ ಗೆರೆಗಳು, ಗುಂಪು ಗುಂಪಾಗಿ. ಎಲ್ಲವೂ ಒಂದೇ ಕಡೆ, ಅಂಚಿನ ಹತ್ತಿರ. ಹೊರಗಡೆ ಅದೇ ಜಾಗಕ್ಕೆ ಒಂದು ಹಿತ್ತಾಳೆಯ ಚಿಲಕವಿತ್ತು. ತೇಪೆ ಹಾಕಿದ ಕಾಲದಲ್ಲಿ ಆ ಚಿಲಕ ಇರಲಿಲ್ಲ.

ಅವಳು ತಲೆಯೆತ್ತಿ ಕ್ಯಾಬಿನ್ನಿನ ಮೇಲಿನ ಕಿಂಡಿಯನ್ನು ತಳ್ಳಿದಳು. ಅಲುಗಲಿಲ್ಲ. ಸೋರುತ್ತದೆಂದು ಡೆನ್ಜಿಲ್ ಅದಕ್ಕೆ ಅಂಟು ಬಳಿದು ಕೂರಿಸಿಬಿಟ್ಟಿದ್ದ. ಬೇಡವೋ ಎಂದರೆ ಕೇಳಿರಲಿಲ್ಲ. ಅಂದರೆ ಒಳಗಿದ್ದವನಿಗೆ ಇದ್ದದ್ದು ಒಂದೇ ದಾರಿ.

ಯಾರೋ ಒಳಗೆ ಸಿಕ್ಕಿಬಿದ್ದು, ಕೈಗೆ ಸಿಕ್ಕಿದ್ದರಿಂದ ಆ ಬಾಗಿಲನ್ನು ಕೆರೆದಿದ್ದರು. ಅದು ಯಾರೆಂದು ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ.

* * *

ಹೊರಗೆ ಬಡಗಣ ಗಾಳಿ ಬಾರ್ಲಿಯ ಕೂಳೆಹೊಲಗಳ ಧೂಳನ್ನೆಲ್ಲ ಎತ್ತಿಕೊಂಡು ಬರುತ್ತಿತ್ತು. ಶೆಡ್ಡಿನ ನೆರಳಿನಲ್ಲಿ ದೋಣಿ ಕೊಳ್ಳಲು ಬಂದು, ಅದನ್ನು ಪರೀಕ್ಷಿಸಲು ವರ್ನಾಳನ್ನು ಕರೆಸಿದ್ದ ಸಂಸಾರ ಕಾಯುತ್ತಿತ್ತು: ಕಡೀನಾದಲ್ಲಿ ಧಾನ್ಯದ ಲಾರಿ ಓಡಿಸುವ ಜೋಯಲ್ ಹೆಂಟ್ಷ್ಕೆ, ಅವನ ಹೆಂಡತಿ ಟ್ಯಾಮ್ಸಿನ್, ಆರು ವರ್ಷದ ಮಗಳು ಎಡೀ. ಎಡೀಗೆ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಮನೆಯಿಂದಲೇ ಹಳದಿ ಲೈಫ್ ಜಾಕೆಟ್ಟು ತೊಟ್ಟುಕೊಂಡು ಬಂದಿದ್ದಳು.

"ಹೇಗಿದೆ ವರ್ನಾ? ತಗೋಬಹುದಾ?" ಜೋಯಲ್ ಮದುವೆಯ ಗಂಡಿನ ಹಾಗೆ ಕೈ ಉಜ್ಜಿಕೊಂಡ.

ವರ್ನಾ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡಳು. ಅರ್ಧ ನೆಲಕ್ಕೆ ಚೆಲ್ಲಿತು. ಇವರನ್ನು ಈ ದೋಣಿಯಿಂದ ದೂರ ಕಳಿಸಬೇಕು, ಆದರೆ ಕ್ಲೆಮ್‌ಗೆ ಅನುಮಾನ ಬರಬಾರದು. ಅವಳು ಬಾಯಿಗೆ ಬಂದದ್ದು ಹೇಳಲಿಲ್ಲ; ದಿನವೂ ಹೇಳುವುದನ್ನೇ ಹೇಳಿದಳು.

"ನೋಡಿ, ಗಂಡ ಹೆಂಡತಿ ಬೋಟ್ ತಗೊಳ್ಳೋಕೆ ಬಂದ್ರೆ ಮನಸ್ಸಲ್ಲಿ ಎರಡು ಬೋಟ್ ಇಟ್ಕೊಂಡು ಬಂದಿರ್ತಾರೆ. ನಿಮಗೆ ಹಿಂದೆ ಗಾಳ ಹಾಕೋಕೆ ಜಾಗ ಬೇಕು. ಇವರಿಗೆ ಮುಂದೆ ನೆರಳು, ಹಾಸಿಗೆ, ಮರೆಯಾಗಿ ಒಂದು ಪಾಯಿಖಾನೆ ಬೇಕು. ಇದರಲ್ಲಿ ಎರಡೂ ಇದೆ, ಸರಿ. ಆದ್ರೆ ನಿಮ್ಮ ಪಿಕಪ್ ಎಷ್ಟು ಎಳೆಯುತ್ತೆ?"

"ಎರಡು ಟನ್."

"ಇದು ಟ್ರೇಲರ್, ಪೆಟ್ರೋಲು, ನೀರು, ಐಸ್ ಪೆಟ್ಟಿಗೆ ಎಲ್ಲ ಸೇರಿ ಎರಡೂಕಾಲು. ಇಳಿಜಾರಲ್ಲಿ ಬ್ರೇಕ್ ಹಾಕಿದ್ರೆ ಬೋಟೇ ನಿಮ್ಮನ್ನ ಎಳ್ಕೊಂಡು ಹೋಗುತ್ತೆ."

"ನಾನೂ ಅದನ್ನೇ ಬಡ್ಕೊಂಡೆ!" ಜೋಯಲ್ ಹೆಂಡತಿಯ ಕಡೆ ತಿರುಗಿದ. "ಮೂಂಟಾದಲ್ಲಿ ಆ ಅಲ್ಯುಮಿನಿಯಂದು ನೋಡಿದ್ವಲ್ಲ, ಐದೂವರೆ ಮೀಟರು, ಹಗುರ. ನಾನೊಬ್ಬನೇ ನೀರಿಗೆ ಇಳಿಸಬಹುದು. ಕಾಣೆ, ಬೊಂಡಾಸು ಮೀನು ಹಿಡಿಯೋಕೆ ಅದಕ್ಕಿಂತ ಇನ್ನೇನು ಬೇಕು?"

"ತಗಡಿನ ಡಬ್ಬ ಅದು," ಟ್ಯಾಮ್ಸಿನ್ ತಟ್ಟನೆ ಅಂದಳು. "ಅಲೆ ಬಡಿದ್ರೆ ಕಿವಿ ಹೋಗುತ್ತೆ. ನಂಗೆ ಇದೇ ಬೇಕು."

"ಮಗು ಇರೋ ಮನೆ ನಿಮ್ಮದು," ವರ್ನಾ ಬಿಡಲಿಲ್ಲ. "ಮಗು ಮಲಗೋ ಜಾಗಕ್ಕೆ ಎರಡು ದಾರಿ ಇರ್ಬೇಕು. ಇದರ ಮೇಲಿನ ಕಿಂಡಿ ತೆರೆಯೋದೇ ಇಲ್ಲ. ಯಾರೋ ಅಂಟಿಸಿಬಿಟ್ಟಿದ್ದಾರೆ."

ಕ್ಲೆಮ್ ಟ್ರೇಲರಿನ ಚಕ್ರವನ್ನು ಒದ್ದು ನೋಡುತ್ತಿದ್ದವನು ನಿಂತ. ಟ್ಯಾಮ್ಸಿನ್‌ಳ ಮುಖ ಮಾತ್ರ ಕಲ್ಲಿನ ಹಾಗಿತ್ತು.

"ತೆಗೆಸಿದ್ರಾಯ್ತು. ಇಷ್ಟೆಲ್ಲ ಪರೀಕ್ಷೆ ಯಾಕೆ ಅಂತ ನಾನು ಮೊದಲೇ ಹೇಳಿದ್ದೆ."

"ನಿಮಗೆ ಕಡಲಿಗೆ ಹೋಗಿ ಅಭ್ಯಾಸ ಇದೆಯಾ?"

"ಇವಳಿಗಾ?" ಜೋಯಲ್ ನಕ್ಕುಬಿಟ್ಟ. "ಜೆಟ್ಟಿ ಮೇಲೆ ನಿಂತ್ರೂ ವಾಂತಿ ಮಾಡ್ಕೊಳ್ತಾಳೆ! ಆದ್ರೂ ಇದೇ ಬೋಟ್ ಬೇಕಂತೆ. ಹೋಗ್ಲಿ ಬಿಡಿ, ಹೆಂಡತಿ ತಾನಾಗೇ ಬೋಟ್ ತಗೋ ಅನ್ನೋ ಭಾಗ್ಯ ಎಷ್ಟು ಗಂಡಂದಿರಿಗೆ ಸಿಗುತ್ತೆ? ಎಡೀ, ಹೋಗು ಚಿನ್ನ, ನಿನ್ನ ಹಾಸಿಗೆ ಹೇಗಿದೆ ನೋಡ್ಕೊಂಡು ಬಾ."

"ನಾನು ಒಳಗೆ ಹೋಗಲ್ಲ," ಎಂದಳು ಎಡೀ.

"ಯಾಕೆ ಪುಟ್ಟಾ?"

ಮಗು ಅಮ್ಮನ ಮುಖ ನೋಡಿತು.

ಕ್ಲೆಮ್ ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ಟ್ರೇಲರಿಗೆ ತಗುಲಿಸುತ್ತಿದ್ದ. "ಮಾತು ಸಾಕು. ನೀರಿಗಿಳಿಸೋಣ. ಮಧ್ಯಾಹ್ನಕ್ಕೆ ಗಾಳಿ ತಿರುಗುತ್ತೆ, ಅಷ್ಟರೊಳಗೆ ಒಂದು ಸುತ್ತು ಹಾಕ್ಕೊಂಡು ಬರೋಣ."

ವರ್ನಾ ಶೆಡ್ಡಿನ ಹಿಂದಕ್ಕೆ ಹೋದಳು. ಊರಿನ ಪೊಲೀಸ್ ಠಾಣೆಗೆ ಫೋನಿನಲ್ಲಿ ಎರಡು ಸಾಲು ಬರೆದಳು: ಹಿಲ್ಡಾ ಮೇ ಸಿಕ್ಕಿದೆ, ಕ್ಲೆಮ್ ರೋರ್ಲಾಕ್‌ನ ಶೆಡ್ಡಿನಲ್ಲಿ. ಕಳಿಸುವ ಗುಂಡಿ ಒತ್ತಿದಳು. ಪರದೆಯ ಮೇಲಿನ ಚಕ್ರ ತಿರುಗಿತು, ತಿರುಗಿತು, ಹೋಗಲಿಲ್ಲವೆಂದು ಕೆಂಪು ಗುರುತು ತೋರಿಸಿತು. ಈ ಮೂಲೆಯಲ್ಲಿ ಯಾವಾಗಲೂ ಹೀಗೆಯೇ. ಗುಡ್ಡದ ಮೇಲೆ ಹೋದರೆ ಸಿಗ್ನಲ್ ಸಿಗುತ್ತದೆ; ಹತ್ತು ನಿಮಿಷದ ದಾರಿ.

ತಿರುಗಿ ನೋಡುವಷ್ಟರಲ್ಲಿ ಟ್ರ್ಯಾಕ್ಟರ್ ಕಡಲ ದಂಡೆಗೆ ಇಳಿದಿತ್ತು. ಟ್ಯಾಮ್ಸಿನ್ ಮಗುವನ್ನು ಎತ್ತಿ ದೋಣಿಯೊಳಗೆ ಇಳಿಸುತ್ತಿದ್ದಳು.

ವರ್ನಾ ಮರಳಿನಲ್ಲಿ ಓಡಿದಳು. "ಇವತ್ತು ಬೇಡ! ಗಾಳಿ ಸರಿಯಿಲ್ಲ!"

"ನೀವು ಬರದಿದ್ರೂ ಪರವಾಗಿಲ್ಲ," ಎಂದಳು ಟ್ಯಾಮ್ಸಿನ್. "ನಾವು ಹೋಗಿಬರ್ತೀವಿ."

ಹಳದಿ ಜಾಕೆಟ್ಟಿನ ಮಗು ದೋಣಿಯ ಅಂಚು ಹಿಡಿದು ನಿಂತಿತ್ತು. ಅಂಚು ಅದರ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಅದನ್ನು ಆ ಮನುಷ್ಯನ ಜೊತೆ ಕಳಿಸಿ ಗುಡ್ಡ ಹತ್ತುವುದು ವರ್ನಾಳಿಂದ ಆಗಲಿಲ್ಲ. ಸೊಂಟದವರೆಗಿನ ನೀರಿನಲ್ಲಿ ನಡೆದು ಏಣಿ ಹಿಡಿದು ಹತ್ತಿದಳು.

"ಜೋಯಲ್, ನೀನು ಟ್ರ್ಯಾಕ್ಟರ್ ಮೇಲೆ ತಗೊಂಡು ಹೋಗಿ ನಿಲ್ಲಿಸು," ಕ್ಲೆಮ್ ಕೂಗಿದ. ಜೋಯಲ್ ಟ್ರ್ಯಾಕ್ಟರನ್ನು ದಂಡೆಯ ಮೇಲಕ್ಕೆ ತಿರುಗಿಸುತ್ತಿದ್ದಂತೆ ಎಂಜಿನ್ ಗುಡುಗಿತು, ದೋಣಿ ಕೊಲ್ಲಿಯ ಕಡೆ ಮೂಗು ತಿರುಗಿಸಿತು. ಅವನು ಹಿಂದೆ ತಿರುಗಿ ಎರಡೂ ಕೈ ಬೀಸಿದ್ದು ಕಂಡಿತು.

"ಅವನು ಹತ್ತಲೇ ಇಲ್ಲ!" ಎಂದಳು ವರ್ನಾ.

"ಎರಡನೇ ಸುತ್ತಿಗೆ ಬರ್ತಾನೆ ಬಿಡು," ಎಂದ ಕ್ಲೆಮ್, ಹಿಂದೆ ನೋಡದೆ.

* * *

ಹತ್ತು ನಿಮಿಷದಲ್ಲಿ ದಡ ಹಳದಿ ಗೆರೆಯಾಯಿತು. ಆಕಾಶವೆಲ್ಲ ಕೆಂಧೂಳು. ನೈಋತ್ಯದಲ್ಲಿ ಮಾತ್ರ, ನೀರಿಗೆ ತಗುಲಿಕೊಂಡಂತೆ, ಒಂದು ಕಪ್ಪು ಪಟ್ಟಿ ಏಳುತ್ತಿತ್ತು. ಗಾಳಿ ತಿರುಗುವುದಕ್ಕೆ ಹೆಚ್ಚು ಹೊತ್ತಿರಲಿಲ್ಲ.

ಟ್ಯಾಮ್ಸಿನ್‌ಳ ತುಟಿ ಬೆಳ್ಳಗಾಗಿತ್ತು. ಅವಳು ಬಾಯಿಗೆ ಕೈ ಒತ್ತಿಕೊಂಡಳು.

"ಒಳಗೆ ಹೋಗಿ ಮಲಕ್ಕೋ," ಎಂದ ಕ್ಲೆಮ್.

"ಎಡೀ, ಬಾ."

"ನಾನು ಬರಲ್ಲ ಅಮ್ಮಾ. ನಾನು ಬರಲ್ಲ." ಮಗು ವರ್ನಾಳ ಅಂಗಿಯ ಚುಂಗನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಟ್ಯಾಮ್ಸಿನ್ ಒತ್ತಾಯ ಮಾಡಲಿಲ್ಲ. ಬಾಗಿ ಕ್ಯಾಬಿನ್ನಿನೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿಂದ ಒಂದು ಸದ್ದು ಬಂತು. ಮರಕ್ಕೆ ಮರ ತಾಗುವ ಟೊಳ್ಳು ಸದ್ದು. ನೆಲದ ಮುಚ್ಚಳ ಎತ್ತಿದ ಸದ್ದು ಅದು. ವಾಂತಿ ಬರುವವಳು ಹಾಸಿಗೆ ಬಿಟ್ಟು ಮುಚ್ಚಳ ಯಾಕೆ ಎತ್ತುತ್ತಾಳೆ ಎಂದು ವರ್ನಾ ಯೋಚಿಸುವಷ್ಟರಲ್ಲಿ ಕ್ಲೆಮ್ ಚುಕ್ಕಾಣಿಯಿಂದ ಒಂದು ಕೈ ತೆಗೆದ. ಬಾಗಿಲನ್ನು ಎಳೆದು ಮುಚ್ಚಿದ. ಚಿಲಕ ಜಾರಿಸಿದ.

"ಬಡ್ಕೊಳ್ಳುತ್ತೆ ಅದು," ಎಂದ.

ವರ್ನಾ ಮಗುವಿನ ಜಾಕೆಟ್ಟನ್ನು ಹಿಡಿದುಕೊಂಡಳು. ಡೆನ್ಜಿಲ್‌ನನ್ನೂ ಹೀಗೆಯೇ ಒಳಗೆ ಕಳಿಸಿದ್ದನೇ? ಇಷ್ಟೇ ಸಲೀಸಾಗಿ, ಇದೇ ಕೈಯಿಂದ? ಈಗ ಅವನ ಜೊತೆ ಹೊರಗೆ ಉಳಿದದ್ದು ಐವತ್ತೆಂಟು ವರ್ಷದ ಹೆಂಗಸು, ಆರು ವರ್ಷದ ಮಗು. ಸುತ್ತ ಒಂದು ದೋಣಿಯೂ ಇಲ್ಲ. ಈ ಗಾಳಿಯಲ್ಲಿ ಬುದ್ಧಿಯಿದ್ದವರು ಯಾರೂ ಬಂದಿರಲಿಲ್ಲ.

ಚುಕ್ಕಾಣಿಯ ಪಕ್ಕ ಎಂಜಿನ್ ನಿಲ್ಲಿಸುವ ಕೆಂಪು ಹಗ್ಗ ಜೋತಾಡುತ್ತಿತ್ತು. ನಡೆಸುವವನು ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಕ್ಲೆಮ್ ಕಟ್ಟಿಕೊಂಡಿರಲಿಲ್ಲ. ಅವನು ಕಪ್ಪು ಪಟ್ಟಿಯ ಕಡೆ ನೋಡಿದ ಗಳಿಗೆಯಲ್ಲಿ ವರ್ನಾ ಕೈಚಾಚಿ ಅದನ್ನು ಕಿತ್ತಳು.

ಎಂಜಿನ್ ಸತ್ತಿತು. ದೋಣಿ ಮುಂದಕ್ಕೆ ಮುಗ್ಗರಿಸಿ ನಿಂತಿತು. ಬಡಿಯುವ ನೀರಿನ ಸದ್ದು ಒಮ್ಮೆಲೇ ಕಿವಿ ತುಂಬಿತು.

"ಕೊಡಿಲ್ಲಿ ಅದನ್ನ," ಎಂದ ಕ್ಲೆಮ್.

ವರ್ನಾ ಹಗ್ಗವಿದ್ದ ಮುಷ್ಟಿಯನ್ನು ದೋಣಿಯಾಚೆ ಚಾಚಿದಳು. ಇನ್ನೊಂದು ಕೈ ಮಗುವಿನ ಜಾಕೆಟ್ಟಿನ ಮೇಲಿತ್ತು. "ಒಂದು ಹೆಜ್ಜೆ ಮುಂದೆ ಬಂದ್ರೆ ನೀರಿಗೆ ಬಿಡ್ತೀನಿ. ನನ್ನ ತಮ್ಮ ಎಲ್ಲಿ?"

ಅವನು ಮೇಲೆ ಬೀಳುತ್ತಾನೆಂದುಕೊಂಡಿದ್ದಳು. ಅವನು ಕೂತುಬಿಟ್ಟ. ಐಸ್ ಪೆಟ್ಟಿಗೆಯ ಮೇಲೆ, ಮಂಡಿಗಳ ನಡುವೆ ಕೈ ಇಳಿಬಿಟ್ಟು, ಸಂತೆಯಿಂದ ಸೋತು ಬಂದವನ ಹಾಗೆ.

"ಮುಚ್ಚಳ ತೆಗೆದಾಗ್ಲೇ ನಿಂಗೆ ಗೊತ್ತಾಯ್ತು. ಕಾಫಿ ಅರ್ಧ ನೆಲಕ್ಕೆ ಹೋಯ್ತು, ನೋಡ್ದೆ."

"ನಾನು ಡೆನ್ಜಿಲ್ ಅಕ್ಕ ಅಂತ ಗೊತ್ತಿತ್ತಾ?"

"ಗೊತ್ತಿದ್ದೇ ಕರೆಸ್ದೆ. ಜೋಯಲ್‌ಗೆ ನಿನ್ನ ನಂಬರು ಕೊಟ್ಟಿದ್ದು ನಾನು. ಟ್ಯಾಮ್ಸಿನ್ ಯಾರೂ ಬೇಡ ಅಂದ್ಲು. ಪರೀಕ್ಷೆ ಮಾಡಿಸದೆ ಬೋಟ್ ಕೊಡಲ್ಲ ಅಂತ ನಾನು ಹಠ ಹಿಡಿದೆ."

"ಯಾಕೆ? ನಾನೇ ಸಹಿ ಹಾಕಿದ್ರೆ ಇನ್ಯಾರೂ ಕೇಳಲ್ಲ ಅಂತಾನಾ?"

"ಅಯ್ಯೋ ಅಲ್ಲ ಕಣಮ್ಮಾ." ಅವನ ಕಣ್ಣಲ್ಲಿ ನೀರಿತ್ತು, ಧೂಳಿನಿಂದಲೋ ಏನೋ. "ಒಳಗೂ ಹೊರಗೂ ಬಣ್ಣ ಬಳಿದೆ. ಹೆಸರು ಕೆರೆದು ಹಾಕ್ದೆ. ಆ ತೇಪೆ ಒಂದನ್ನ ಬಿಟ್ಟೆ. ಬೇಕಂತಲೇ ಬಿಟ್ಟೆ. ಎಂಟು ತಿಂಗಳಿಂದ ನಿದ್ದೆ ಇಲ್ಲ ನಂಗೆ. ನನ್ನ ಬಾಯಿಂದ ಹೇಳೋಕಾಗಲಿಲ್ಲ, ನಿನ್ನ ಕೈಕೆಲಸನೇ ನಿಂಗೆ ಹೇಳ್ಲಿ ಅಂತ."

ವರ್ನಾ ನಂಬಲಿಲ್ಲ. ಮುಷ್ಟಿಯನ್ನು ಹಿಂದಕ್ಕೆ ತೆಗೆಯಲಿಲ್ಲ. "ಬಾಗಿಲಲ್ಲಿರೋ ಗೀರು?"

ಅವನು ಮುಖ ತಿರುಗಿಸಿದ.

"ಕೇಳ್ತಾ ಇದ್ದೀನಿ ಕ್ಲೆಮ್. ಆ ಗೀರು ಯಾರದು?"

"ಅವನದೇ."

ಅಲೆಯೊಂದು ದೋಣಿಯನ್ನು ಅಡ್ಡಕ್ಕೆ ತಿರುಗಿಸಿತು. ಬಡಗಣ ಗಾಳಿ ಥಟ್ಟನೆ ನಿಂತುಹೋಗಿತ್ತು. ನೈಋತ್ಯದ ಕಪ್ಪು ಪಟ್ಟಿ ಈಗ ಅರ್ಧ ಆಕಾಶಕ್ಕೆ ಏರಿತ್ತು.

"ಜುಲೈ ಚಳಿ," ಎಂದ ಕ್ಲೆಮ್, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ. "ಒಳಗೆ ಗ್ಯಾಸ್ ಒಲೆ ಹಚ್ಚಿದ್ದ. ಕಿಂಡಿ ಅಂಟಿಸಿತ್ತು, ಬಾಗಿಲಿಗೆ ಚಿಲಕ ಬಿತ್ತು. ಒಲೆ ಗಾಳಿಯನ್ನೆಲ್ಲ ತಿಂದುಹಾಕ್ತು. ನಾನು ಹೋಗಿ ಮುಟ್ಟೋವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಮಾಡಿದ ಪಾಪ ಅಂದ್ರೆ ಬೋಟ್ ಬಚ್ಚಿಟ್ಟಿದ್ದು. ಅವನನ್ನ..." ಅವನು ಕೊಲ್ಲಿಯ ನೀರಿನ ಕಡೆ ಕೈ ತೋರಿಸಿದ.

"ಚಿಲಕ ತಾನಾಗೇ ಬೀಳಲ್ಲ. ನೀನು ಹಾಕ್ದೆ."

"ನಾನಲ್ಲ."

"ಈಗ್ತಾನೆ ನನ್ನ ಕಣ್ಣೆದುರಿಗೇ ಹಾಕಿದ್ಯಲ್ಲ!"

"ಈಗ ಹಾಕಿದ್ದು ನಿನ್ನ ಹತ್ರ ಎರಡು ಮಾತಾಡೋಕೆ. ಅವಳೆದುರಿಗೆ ಆಗಲ್ಲ." ಅವನು ಕ್ಯಾಬಿನ್ನಿನ ಕಡೆ ಗದ್ದ ಎತ್ತಿ ತೋರಿಸಿ ದನಿ ತಗ್ಗಿಸಿದ. "ಆವತ್ತು ಬಾ ಅಂತ ನಂಗೆ ಫೋನು ಮಾಡಿದ್ದು ಯಾರು ಗೊತ್ತಾ? ಅವಳು. ಈ ಬೋಟಿಂದಲೇ. ಗಂಡನಿಗೆ ಹೇಳದೆ ಡೆನ್ಜಿಲ್ ಜೊತೆ ಬಂದಿದ್ಲು. ಈ ಬೋಟ್ ಬೇರೆ ಯಾರ ಕೈಗೂ ಹೋಗಬಾರದು ಅಂತ ಎಂಟು ತಿಂಗಳಿಂದ ನನ್ನ ಬೆನ್ನು ಹತ್ತಿದ್ದಾಳೆ. ಪಾಪ, ಜೋಯಲ್‌ಗೆ ಏನೂ ಗೊತ್ತಿಲ್ಲ. ಹೆಂಡತಿ ಮೀನು ಹಿಡಿಯೋಕೆ ಬೋಟ್ ಕೊಡಿಸ್ತಾಳೆ ಅಂತ ಕುಣೀತಿದ್ದಾನೆ."

ವರ್ನಾ ಮುಚ್ಚಿದ ಬಾಗಿಲಿನ ಕಡೆ ನೋಡಿದಳು. ಜೆಟ್ಟಿಯ ಮೇಲೆ ನಿಂತರೂ ವಾಂತಿ ಮಾಡುವ ಹೆಂಗಸು. ಹಗುರವಾದದ್ದು ಬೇಡ, ಅಗ್ಗವಾದದ್ದು ಬೇಡ, ಗಾಡಿ ಎಳೆಯದಿದ್ದರೂ ಸರಿ, ಇದೇ ಬೇಕು ಎಂದ ಹೆಂಗಸು. ತಾನು ಕಂಡದ್ದೇನೆಂದು ನೆಲದ ಮುಚ್ಚಳ ಎತ್ತಿ ನೋಡಿದ ಹೆಂಗಸು. ಬೆಳಗಿನಿಂದ ಹೆದರಬೇಕಾದವರನ್ನು ಬಿಟ್ಟು ತಾನು ಬೇರೆ ಯಾರಿಗೋ ಹೆದರುತ್ತಿದ್ದೆನೇ?

ಆಗ ಬಾಗಿಲು ಸದ್ದು ಮಾಡಿತು.

ಟಕ್. ಟಕ್. ಟಕ್. ಜೋರಾಗಿ ಅಲ್ಲ. ಬೆರಳ ಗೆಣ್ಣಿನಿಂದ, ಪಕ್ಕದ ಮನೆಯವರು ಬಡಿಯುವ ಹಾಗೆ.

"ಕ್ಲೆಮ್?" ಟ್ಯಾಮ್ಸಿನ್‌ಳ ಧ್ವನಿ. "ಎಂಜಿನ್ ಯಾಕೆ ನಿಲ್ತು?"

ಕ್ಲೆಮ್ ಐಸ್ ಪೆಟ್ಟಿಗೆಯಿಂದ ಎದ್ದು ನಿಂತ.

"ಬಾಗಿಲು ಯಾಕೆ ಹಾಕಿದೆ, ಕ್ಲೆಮ್?"

ಕ್ಲೆಮ್‌ನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. "ತೆಗೀಬೇಡ," ಎಂದು ಅವನು ತುಟಿಯಲ್ಲೇ ಹೇಳಿದ. "ವರ್ನಾ, ನಿನ್ನ ದಮ್ಮಯ್ಯ, ತೆಗೀಬೇಡ. ಆ ಹಗ್ಗ ಕೊಡು. ದಡಕ್ಕೆ ಹೋಗಿಬಿಡೋಣ. ಗಾಳಿ ಬಂತು ನೋಡು."

ಗಾಳಿ ಬಂದಿತ್ತು. ತಣ್ಣನೆಯ ಮೊದಲ ಹೊಡೆತಕ್ಕೆ ನೀರೆಲ್ಲ ಒಮ್ಮೆಲೇ ಕಪ್ಪಾಯಿತು. ದೋಣಿ ಮಗ್ಗುಲಾಯಿತು. ಆಯತಪ್ಪಿದ ವರ್ನಾ ಕಂಬಿಯನ್ನು ಹಿಡಿಯಲು ಜಾಕೆಟ್ಟಿನ ಮೇಲಿನ ಕೈ ಬಿಟ್ಟಳು. ಅರೆಗಳಿಗೆ, ಅಷ್ಟೇ.

"ಎಡೀ," ಒಳಗಿನ ಧ್ವನಿ ಈಗ ಬಾಗಿಲಿಗೆ ತೀರ ಹತ್ತಿರವಿತ್ತು, ಬೆಣ್ಣೆಯಷ್ಟು ಮೆತ್ತಗಿತ್ತು. "ಎಡೀ ಚಿನ್ನ, ಅಮ್ಮನಿಗೆ ಬಾಗಿಲು ತೆಗಿ ಪುಟ್ಟಾ. ಸ್ವಲ್ಪ ಮೇಲೆತ್ತಿ ತಳ್ಳಬೇಕು. ಗೊತ್ತಲ್ಲ?" ಬೆರಳ ಗೆಣ್ಣು ಮತ್ತೆ ಬಡಿಯತೊಡಗಿತು, ಟಕ್, ಟಕ್.

ವರ್ನಾ ತಿರುಗುವಷ್ಟರಲ್ಲಿ ಮಗು ಬಾಗಿಲ ಬಳಿ ನಿಂತಾಗಿತ್ತು. ತುದಿಗಾಲಲ್ಲಿ ನಿಂತು ಎರಡೂ ಕೈ ಮೇಲೆತ್ತಿತ್ತು. ಅದು ಹುಡುಕಲಿಲ್ಲ, ತಡಕಾಡಲಿಲ್ಲ. ಪುಟ್ಟ ಬೆರಳುಗಳು ನೇರವಾಗಿ ಚಿಲಕದ ಮೇಲೆ ಹೋಗಿ ಕೂತವು.

"ಗೊತ್ತಮ್ಮಾ," ಎಂದಳು ಎಡೀ. "ಆವತ್ತು ಡೆನ್ಜಿಲ್ ಮಾಮ ಒಳಗಿದ್ದಾಗಲೂ ನಾನೇ ಅಲ್ವಾ ಹಾಕಿದ್ದು?"

ಒಳಗಿನ ಬಡಿತ ನಿಂತುಹೋಯಿತು.